ಕೀಲಿ ಹಾಕಿದ ನೆರಳು

ಪೂಜ್ಯ ನಿರುಪಾಧಿ ಅಜ್ಜನವರಿಗೆ ಮಠವಿರಲಿಲ್ಲ, ಗದ್ದುಗೆಯಿರಲಿಲ್ಲ. ಆ ಬೇಸಿಗೆಯಲ್ಲಿ ಅವರು ಹುಬ್ಬಳ್ಳಿಯ ಅಂಚಿನಲ್ಲಿ, ತಗಡಿನ ಮನೆಗಳ ಒಂದು ಓಣಿಯಲ್ಲಿ ತಂಗಿದ್ದರು. ಓಣಿಯಲ್ಲಿ ಹೆಸರಿಗೊಂದು ಗಿಡವಿರಲಿಲ್ಲ. ಬೆನ್ನಿಗೇ ಇದ್ದ ಬಡಾವಣೆಯ ಉದ್ಯಾನದಲ್ಲಿ ಮಾತ್ರ ಬೇವು, ಹೊಂಗೆ, ಬಸರಿಗಳು ತಲೆಗೆ ತಲೆ ಹಚ್ಚಿ ನಿಂತಿದ್ದವು. ಊರವರೆಲ್ಲರಿಗೆಂದು ಬಿಟ್ಟ ಜಾಗವೇ ಅದು. ಆದರೆ ನಡುವೆ ಎತ್ತರದ ಗೋಡೆ, ಬಾಗಿಲಿಗೆ ಕೀಲಿ.

ಕೀಲಿ ಹಾಕಿಸಿದವರು ಬಡಾವಣೆಯ ಸಂಘದ ಅಧ್ಯಕ್ಷರಾದ ಪಾರ್ಶ್ವನಾಥ ಉಪಾಧ್ಯೆಯವರು. ಇಂಜಿನಿಯರರಾಗಿ ಆಯುಷ್ಯವನ್ನೆಲ್ಲ ಅಣೆಕಟ್ಟಿನ ಕ್ಯಾಂಪುಗಳಲ್ಲಿ ಕಳೆದವರು. ನಿವೃತ್ತರಾಗಿ ಮನೆ ಸೇರುವಷ್ಟರಲ್ಲಿ ಹೆಂಡತಿ ಪದ್ಮಾವತಿಯವರು ತೀರಿಕೊಂಡರು. ಮಕ್ಕಳಿರಲಿಲ್ಲ. ಉದ್ಯಾನದ ಮರಗಳೆಲ್ಲ ಆಕೆ ನೆಟ್ಟವು. ಯಾರೋ ಟೊಂಗೆ ಮುರಿದದ್ದನ್ನು ಕಂಡ ದಿನ ಉಪಾಧ್ಯೆಯವರು ಬಾಗಿಲು ಮುಚ್ಚಿಸಿದರು. ಅಂದಿನಿಂದ ದಿನವೂ ಒಬ್ಬರೇ ಒಳಗೆ ಹೋಗಿ ಕಲ್ಲುಬೆಂಚಿನ ಮೇಲೆ ಕೂಡುತ್ತಿದ್ದರು. ಸಂಜೆಯಾದರೂ ಒಂದು ಮಾತು ಆಡುವ ಪ್ರಸಂಗ ಬರುತ್ತಿರಲಿಲ್ಲ. ತಮ್ಮ ಧ್ವನಿ ಇನ್ನೂ ಇದೆಯೋ ಎಂದು ನೋಡಲು ಒಮ್ಮೊಮ್ಮೆ ಸುಮ್ಮನೆ ಕೆಮ್ಮುತ್ತಿದ್ದರು.

ಒಂದು ಮಧ್ಯಾಹ್ನ ಗೋಡೆಯಾಚೆ ಜನರ ಗದ್ದಲ ಕೇಳಿಸಿತು. ಯಾವನೋ ಸಾಧು ಠಿಕಾಣಿ ಹೂಡಿದ್ದಾನೆಂದು ಸಿಟ್ಟಾಗಿ ಅವರು ಓಣಿಗೆ ಬಂದರು. ಹುಸೇನಬಿ ಎಂಬ ಮುದುಕಿಯ ಗಂಡ ಬಿಸಿಲಿನ ಝಳಕ್ಕೆ ಎಚ್ಚರ ತಪ್ಪಿದ್ದ. ಕಾದ ತಗಡಿನ ಕೆಳಗೆ ಮಲಗಿಸುವಂತಿರಲಿಲ್ಲ. ಅವನ ಹೊರಸನ್ನು ಗೋಡೆಯ ಗೇಣು ನೆರಳಿಗೆ ಒತ್ತಿಟ್ಟು, ಅಜ್ಜನವರು ಬಿಸಿಲಿಗೆ ತಮ್ಮ ಬೆನ್ನು ಕೊಟ್ಟು ಕುಳಿತು, ಒದ್ದೆ ಬಟ್ಟೆಯಿಂದ ಅವನ ಎದೆ ಒರೆಸುತ್ತಿದ್ದರು. ಬೈಯಲು ಬಂದವರು ಜೇಬಿನಿಂದ ಕೀಲಿಕೈ ತೆಗೆದರು.

"ನೀವು ಒಳಗ ಬರ್ರಿ," ಎಂದರು ಉಪಾಧ್ಯೆಯವರು. "ನಿಮ್ಮಂಥವರಿಗೆ ಕೀಲಿ ತಗೀತೀನಿ."

"ಇವರನ್ನ ಬಿಟ್ಟು ಹೆಂಗ ಬರಲಿ?" ಅಜ್ಜನವರು ತಲೆಯೆತ್ತಲಿಲ್ಲ.

"ನನ್ನ ಹೆಂಡತಿ ಬೆಳೆಸಿದ ತೋಟರಿ ಅದು. ಆಕಿ ನೆನಪು ಅಂತ ಉಳದದ್ದು ಅದೊಂದ."

ಆಗ ಅಜ್ಜನವರು ತಲೆಯೆತ್ತಿ ಅವರ ಮುಖ ನೋಡಿದರು. "ಆಕಿ ವಿಚಾರ ಯಾರ ಕೂಡ ಮಾತಾಡ್ತೀಯಪಾ?"

ಉಪಾಧ್ಯೆಯವರು ಗೋಡೆಯಾಚೆಯ ಮರಗಳತ್ತ ನೋಡಿದರು.

"ಈ ಓಣಿಯಾಗ ಆಕಿ ಮಾತು ಆಡ್ತಾರ. ಕೇಳು," ಎಂದರು ಅಜ್ಜನವರು.

ಹುಸೇನಬಿ ಗಂಡನಿಗೆ ಸೆರಗಿನಿಂದ ಗಾಳಿ ಹಾಕುತ್ತಲೇ ಹೇಳಿದಳು: "ನಿಮ್ಮ ಮನಿ ಬಾಯಾರು ಗಿಡ ಹಚ್ಚಿದಾಗ ಅಲ್ಲಿ ನೀರಿರಲಿಲ್ರಿ ಸಾಹೇಬ್ರ. ನಮ್ಮ ನಳದ ನೀರ ಹೊತ್ತು ಹಾಕೀವಿ. ನಮ್ಮ ಮನಿಯವರೂ ಹೊತ್ತಾರ. ಆಮ್ಯಾಲೆ ಬಾಯಾರು ನಮ್ಮ ಕಟ್ಟಿ ಮ್ಯಾಲೆ ಕುಂತು ಚಾ ಕುಡೀತಿದ್ರು. ಮನ್ಯಾಗ ಒಬ್ಬಾಕಿಗೆ ಹೊತ್ತ ಹೋಗೂದಿಲ್ಲ ಹುಸೇನಬಿ, ಅಂತಿದ್ರು."

ಆ ಮಾತನ್ನು ಪದ್ಮಾವತಿ ಗಂಡನಿಗೆ ಎಂದೂ ಹೇಳಿರಲಿಲ್ಲ. ಹೇಳಲು ಆತ ಮನೆಯಲ್ಲಿದ್ದದ್ದಾದರೂ ಯಾವಾಗ? ಉಪಾಧ್ಯೆಯವರು ಕೀಲಿಕೈಯನ್ನು ಹುಸೇನಬಿಯ ಕೈಗಿಟ್ಟು, ಬಗ್ಗಿ ಹೊರಸಿನ ಒಂದು ಕಾಲು ಹಿಡಿದರು. ಇನ್ನು ಮೂವರು ಕೈಹಚ್ಚಿದರು. ಬಸರಿಯ ಕೆಳಗೆ ಮಲಗಿಸಿದ ಮುದುಕ ಇಳಿಹೊತ್ತಿಗೆ ಕಣ್ಣು ತೆರೆದು ನೀರು ಕೇಳಿದ.

ಸಂಘದವರು ಜಗಳಕ್ಕೆ ಬಂದಾಗ ಉಪಾಧ್ಯೆಯವರು, "ಗಿಡ ಹಚ್ಚಿದಾಕಿ ಕೀಲಿ ಹಾಕಿರಲಿಲ್ಲ," ಎಂದಷ್ಟೇ ಹೇಳಿ ಬಾಗಿಲನ್ನೇ ಕೀಳಿಸಿದರು. ಅಷ್ಟರಲ್ಲಿ ಅಜ್ಜನವರು ಯಾರಿಗೂ ಹೇಳದೆ ನೆರಳಿಲ್ಲದ ಇನ್ನೊಂದು ಓಣಿಗೆ ನಡೆದಿದ್ದರು.

ಉಪಾಧ್ಯೆಯವರ ಮನೆಯಲ್ಲಿ ಇಂದಿಗೂ ಒಬ್ಬರದೇ ಅಡಿಗೆ. ಆದರೆ ಸಂಜೆ ಅವರು ಓಣಿಗೆ ಬಂದು ಹುಸೇನಬಿಯ ಕಟ್ಟೆಯ ಮೇಲೆ ಕೂಡುತ್ತಾರೆ. "ಮತ್ತೇನಂತಿದ್ಲು ಆಕಿ, ಹೇಳವಾ," ಎನ್ನುತ್ತಾರೆ. ಮುದುಕಿ ನಿನ್ನೆ ಹೇಳಿದ್ದನ್ನೇ ಹೇಳುತ್ತಾಳೆ. ಅವರು ಮೊದಲ ಸಲ ಕೇಳುವವರಂತೆ ಕೇಳುತ್ತಾರೆ.