ಹಾಗಲಕಾಯಿ ರಸ, ಕೆನೆಮೊಸರು

ಮಿಕ್ಸಿ ಇಲ್ಲದ ಕಾಲ. ಒರಳಲ್ಲಿ ರುಬ್ಬಿ ಬಟ್ಟೆಯಲ್ಲಿ ಹಿಂಡಿದರೇ ರಸ. ಒಂದು ದಿನ ನಿವೃತ್ತ ಅಮಲ್ದಾರ್ ನರಹರಿರಾಯರು ಅಡುಗೆಯ ತುಂಗಮ್ಮನಿಗೆ ಹುಕುಂ ಹೊರಡಿಸಿದರು: "ನಾಳೆಯಿಂದ ಕಾಫಿ ಬಂದ್! ಆರೋಗ್ಯಕ್ಕೆ ಮನೆಮಂದಿಗೆಲ್ಲ ಹಾಗಲಕಾಯಿ ರಸ. ಯಾರಾದರೂ ಬಿಟ್ಟರೆ ನಿನ್ನ ಕೆಲಸಕ್ಕೆ ಸಂಚಕಾರ."

ಆ ಮನೆಯಲ್ಲಿ ಒಳ್ಳೆಯದೆಲ್ಲ ರಾಯರಿಗೇ ಮೀಸಲು. ಕೆನೆಮೊಸರು ಅವರಿಗೆ, ನೀರುಮಜ್ಜಿಗೆ ಮಕ್ಕಳಿಗೆ.

ಬೆಳಿಗ್ಗೆ ತುಂಗಮ್ಮ ಆರು ಲೋಟ ತಂದಳು. ಮಕ್ಕಳು ಅಳುಮುಖ ಮಾಡಿ ಕೂತಿದ್ದವು. ಅವರಿಗೆ ಮೇಲ್ಪಂಕ್ತಿಯಾಗಲೆಂದು ರಾಯರು ಗಟಗಟ ಕುಡಿದು, ಕಣ್ಣಲ್ಲಿ ನೀರು ಬಂದರೂ "ಆಹಾ, ಅಮೃತ!" ಎಂದರು.

ತುಂಗಮ್ಮ ಉಳಿದ ಐದು ಲೋಟಗಳನ್ನೂ ಅವರ ಮುಂದೆಯೇ ಇಟ್ಟಳು.

"ಅಮೃತ ಅಂದಮೇಲೆ ಇವೂ ತಮಗೇ ರಾಯರೇ. ಈ ಮನೇಲಿ ಕೆನೆಮೊಸರು ಯಾವತ್ತು ಮಕ್ಕಳಿಗೆ ಬಡಿಸಿದ್ದೀನಿ?"

ರಾಯರು ಲೋಟ ನೋಡಿದರು, ಮಕ್ಕಳನ್ನು ನೋಡಿದರು. ಮೆಲ್ಲಗೆ, "ಕಾಫಿಗೆ ನೀರಿಡು ತುಂಗಮ್ಮ" ಎಂದರು.

ಅಂದು ಮಧ್ಯಾಹ್ನ ಮಕ್ಕಳ ಎಲೆಗೂ ಕೆನೆಮೊಸರು ಬಿತ್ತು.

ಈಗ ಆ ಮಕ್ಕಳ ತಲೆ ನರೆತಿದೆ. ಮನೆಯಲ್ಲಿ ಜ್ಯೂಸರ್ ಗುರ್ರೆಂದಾಗಲೆಲ್ಲ ಅವರ ನಾಲಿಗೆಗೆ ಬರುವುದು ಆ ಮೊಸರಿನ ರುಚಿಯೇ.