ಟೋಕನ್ ಬಟನ್ ಮತ್ತು ಸಾಹೇಬರ ಫೋಟೊ

ನಮ್ಮ ಕಣ್ಣಾಸ್ಪತ್ರೆಯ ಗುಮಾಸ್ತನಂಥವನು ಇನ್ನೊಬ್ಬ ಸಿಕ್ಕರೆ ಮೀಸೆ ಬೋಳಿಸಿಕೊಂಡೇವು. ಪೊರೆ ಬಂದವರೂ ಮನೆಯಲ್ಲೇ ಕೂತು ಟೋಕನ್ ತಗೊಳ್ಳಲಿ ಅಂತ ತಾನೇ ವೆಬ್‌ಸೈಟ್ ಮಾಡಿದ್ದ. ತೆರೆದರೆ ಒಂದೇ ದೊಡ್ಡ ಬಟನ್: 'ಟೋಕನ್ ಬೇಕು'.

ಆಡಳಿತಾಧಿಕಾರಿ ಗುರುಪಾದಪ್ಪನವರು ನೋಡಿ ಉರಿದುಬಿದ್ದರು. "ಇದರಾಗ ನಾ ಎಲ್ಲಿದೀನೋ? ಪರದೆ ತುಂಬ ನನ್ನ ಫೋಟೊ ಬರಬೇಕು. ಬಟನ್ ಕೆಳಗ ಎಲ್ಲ್ಯಾರ ಇರಲಿ, ಹುಡುಕ್ತಾರ."

ಹುಡುಕೋರಿಗೆ ಕಣ್ಣೇ ಕಾಣೋದಿಲ್ಲವಲ್ಲ! ಅಂತ ಗುಮಾಸ್ತ ಮನಸ್ಸಿನಲ್ಲೇ ಅಂದುಕೊಂಡ. ಪರದೆ ತುಂಬ ಫೋಟೊ ಹಾಕಿ, ಬಟನ್ ಕೆಳಗೆ ಸರಿಸಿದ. "ಉದ್ಘಾಟನೆ ನಿಮ್ಮ ಅವ್ವಾರ ಕೈಯಿಂದ ಆಗಲಿ ಸಾಹೇಬ್ರ. ಅವರಿಗೂ ಪೊರೆ ಬಂದೈತಿ, ಮೊದಲ ಟೋಕನ್ ಅವರದ," ಅಂದ. ಸಾಹೇಬರು ಉಬ್ಬಿಹೋದರು.

ಅವ್ವ ಬಸಲಿಂಗವ್ವ ಬಂದು, ಗುಮಾಸ್ತ ವೆಬ್‌ಸೈಟ್ ತೆರೆದುಕೊಟ್ಟ ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. ಫೋಟೊದಲ್ಲಿದ್ದ ಮಗನ ಗಲ್ಲ ಸವರಿದಳು, ಲಟಿಕೆ ಮುರಿದು ದೃಷ್ಟಿ ತೆಗೆದಳು. ಫೋನ್ ವಾಪಸ್ ಕೊಟ್ಟು ಎದ್ದೇಬಿಟ್ಟಳು.

"ಟೋಕನ್ ತಗೋಬೇ!" ಅಂದರು ಸಾಹೇಬರು.

"ಎಲ್ಲೈತಪ್ಪಾ? ನನಗ ನಿನ್ನ ಮಾರಿ ಅಷ್ಟ ಕಾಣಿಸ್ತು. ಅಷ್ಟು ಸಾಕು ಬಿಡು. ಈ ಕಣ್ಣಿಗೆ ಇನ್ನೇನು ನೋಡೋದೈತಿ?"

ಸಾಹೇಬರು ಗುಮಾಸ್ತನತ್ತ ತಿರುಗಿದರು. "ತೆಗಿಯೋ ಆ ಫೋಟೊ," ಅಂದರು ಮೆಲ್ಲಗೆ.

ಗುಮಾಸ್ತ ತೆಗೆದು ಫೋನನ್ನು ಮತ್ತೆ ಅವ್ವನ ಕೈಗಿಟ್ಟ. ಅವ್ವನ ಬೆರಳು ತಾನಾಗಿಯೇ ದೊಡ್ಡ ಬಟನ್ ಮೇಲೆ ಹೋಯಿತು. ಟೋಕನ್ ಬಂತು. ಆದರೂ ಅವ್ವನಿಗೆ ಸಮಾಧಾನವಿಲ್ಲ. "ನನ್ನ ಮಗ ಎಲ್ಲಿ ಹೋದನೋ?"

"ನಿಮ್ಮ ಬಾಜೂನ ನಿಂತಾರಬೇ," ಅಂದ ಗುಮಾಸ್ತ. "ಪೊರೆ ತೆಗೆಸಿಕೊಂಡು ಬರ್ರಿ. ಫೋಟೊ ಯಾಕ, ಖುದ್ದು ಅವರನ್ನ ನೋಡೀರಂತ."

ಸಾಹೇಬರು ಅವ್ವನ ಕೈ ಹಿಡಿದು ಡಾಕ್ಟರ ಕೋಣೆಯತ್ತ ನಡೆದರು.