ಹೊಳೆ ದಾಟಿದ ಪಾಠ

ಹೊಳೆಯ ಈಚೆ ದಡದಲ್ಲಿ ಒಂದು ಆಶ್ರಮ, ಆಚೆ ದಡದಲ್ಲಿ ಇನ್ನೊಂದು. ಎರಡು ಕಡೆಯೂ ಮಕ್ಕಳಿಗೆ ಕಂಪ್ಯೂಟರಿನಲ್ಲೇ ಪಾಠ.

ಈಚೆಯ ಕಂಪ್ಯೂಟರ್ ಮಗುವಿನ ಉತ್ತರ ನೋಡಿಕೊಂಡು ಪಾಠ ಬದಲಿಸುತ್ತಿತ್ತು. ತಡವರಿಸಿದರೆ ಹಿಂದಕ್ಕೆ ಹೋಗಿ ಬೇರೆ ಥರ ಹೇಳುತ್ತಿತ್ತು, ಬಂದರೆ ಮುಂದಕ್ಕೆ ಕರೆದೊಯ್ಯುತ್ತಿತ್ತು. ಆಚೆಯದೂ ಅಂಥದೇ. ಆದರೆ ಇದರ ಮಾತು ಅದಕ್ಕೆ ತಿಳಿಯದು.

ಈಚೆಯ ಗುರು ಚನ್ನವೀರಮ್ಮನವರನ್ನು ಎಲ್ಲರೂ ಅವ್ವ ಎನ್ನುತ್ತಿದ್ದರು. ಅವರು ಶಿಷ್ಯ ನಿರುಪಾದಿಯನ್ನು ಕರೆದು, ನಮ್ಮ ಪಾಠಗಳನ್ನು ಆಚೆಯ ಕಂಪ್ಯೂಟರಿಗೆ ಒಗ್ಗಿಸಿ ಕೊಡು, ಅಲ್ಲಿಯ ಮಕ್ಕಳು ಕಲಿತ ದಿನ ನೀನೂ ಗುರುವಾಗಿ ಕೂರು ಎಂದರು.

ನಿರುಪಾದಿ ಮಳೆಗಾಲವಿಡೀ ಕೂತು ಪಾಠ ದಾಟಿಸಿದ.

ಆಚೆಯ ಮಕ್ಕಳು ಒಬ್ಬೊಬ್ಬರಾಗಿ ಎದ್ದು ಹೋಗುತ್ತಿದ್ದಾರೆಂದು ಸುದ್ದಿ ಬಂತು. ಬಲ್ಲವರಿಗೆ ಆಕಳಿಕೆ, ಉಳಿದವರಿಗೆ ಅಳು.

"ಅವ್ವ, ಒಂದಕ್ಷರವನ್ನೂ ಬಿಡದೆ ದಾಟಿಸಿದ್ದೇನೆ. ಎಲ್ಲಿ ತಪ್ಪಿತು?"

"ಊಟದ ಹೊತ್ತಾಯಿತು, ಕೂರು."

ಅವ್ವ ಎಲೆ ಹಾಕಿ ತಾವೇ ಬಡಿಸಲು ನಿಂತರು. ಅನ್ನ, ಅದರ ಮೇಲೆ ಸಾರು, ಸಾರಿನ ಮೇಲೆ ಪಾಯಸ, ಮತ್ತೆ ಅನ್ನ. ಅವನು ತುತ್ತು ಕಲಸುವ ಮೊದಲೇ ಮಜ್ಜಿಗೆ. ಸಾಕೆಂದು ಎಲೆಗೆ ಕೈ ಅಡ್ಡ ಹಿಡಿದ. ಅವ್ವ ಕೈಮೇಲೆಯೇ ಬಡಿಸಿದರು.

"ಏನವ್ವ ಇದು?"

"ಒಂದಗುಳನ್ನೂ ಬಿಡದೆ ಬಡಿಸಿದ್ದೇನೆ ಮಗನೇ. ಎಲ್ಲಿ ತಪ್ಪಿತು?"

ನಿರುಪಾದಿ ತೊಟ್ಟಿಕ್ಕುತ್ತಿದ್ದ ಕೈಯನ್ನೇ ನೋಡುತ್ತ ಕೂತ. ಎಲ್ಲಿ ನಿಲ್ಲಬೇಕು, ಯಾವಾಗ ಹಿಂದಕ್ಕೆ ಹೋಗಬೇಕು ಎಂಬ ಸೂಚನೆಗಳು ಈಚೆಯ ಕಂಪ್ಯೂಟರಿನ ಮಾತಿನಲ್ಲಿದ್ದವು; ಆಚೆಯದಕ್ಕೆ ಅರ್ಥವಾಗವೆಂದು ಅವನು ಅವನ್ನು ಕೈಬಿಟ್ಟಿದ್ದ. ಅದೂ ಪಾಠವೆಂದು ಅವನಿಗೆ ಅನ್ನಿಸಿಯೇ ಇರಲಿಲ್ಲ.

ಧಡಕ್ಕನೆ ಎದ್ದ. "ಅದನ್ನೂ ಈಗಲೇ ದಾಟಿಸುತ್ತೇನೆ. ನಮ್ಮ ಮಕ್ಕಳು ಸಾಕೆಂದು ಹೇಗೆ ತೋರಿಸುತ್ತಾರೋ ಹಾಗೇ ಬರೆದುಬಿಡುತ್ತೇನೆ."

"ಆಚೆಯವರು ಉಣ್ಣುವುದು ಬಟ್ಟಲಲ್ಲಿ. ಎಲೆಗೆ ಕೈ ಅಡ್ಡ ಹಿಡಿಯುವವರು ಅಲ್ಲಿ ಯಾರೂ ಇಲ್ಲ."

ಅವನು ಬಾಗಿಲಲ್ಲೇ ನಿಂತ. "ಮತ್ತೆ ಅವರು ಸಾಕು ಅನ್ನುವುದು ಹೇಗೆ?"

ಅವ್ವ ನಕ್ಕು, ತುಂಬಿದ ಎಲೆಯನ್ನು ಹಸುವಿಗೆಂದು ಎತ್ತಿಕೊಂಡರು.

"ಹೇಗೂ ನೀನಿನ್ನೂ ಒಂದು ತುತ್ತೂ ಉಂಡಿಲ್ಲ. ದೋಣಿ ಹತ್ತು. ಹೋಗಿ ಅವರ ಸಾಲಿನಲ್ಲಿ ಕೂತು ಉಂಡು ಬಾ."